ಹದಿನೇಳನೆಯ ಕ್ಯಾಮೆರಾ

ವಯರ್ ಕತ್ತರಿಸುವ ಚೂರಿ ನನ್ನ ಕುತ್ತಿಗೆಯ ಹತ್ತಿರವೇ ಇತ್ತು.

ಬೆನ್ನಿಗೆ ರಬ್ಬರ್ ಮರ. ಕಾಲಡಿಯಲ್ಲಿ ಜಾರುವ ತರಗೆಲೆ. ಮಧ್ಯಾಹ್ನ ಮೂರು ಗಂಟೆಗೆ ಕುಂಬ್ಡಾಜೆಯ ಆ ಗುಡ್ಡೆಯಲ್ಲಿ ಬೊಬ್ಬೆ ಹೊಡೆದರೂ ಕೇಳುವವರಿಲ್ಲ!

"ಅಲ್ಲಾಡಬೇಡಿ ಸರ್..." ಗೌರೀಶಂಕರ ಏದುಸಿರು ಬಿಡುತ್ತಿದ್ದ.

"ಫೋನ್ ಕೊಡು" ಎಂದೆ.

"ನಾನು ಹ್ಯಾಕ್ ಮಾಡಿದ್ದಲ್ಲ ಸರ್! ಓದಿದ್ದು!"

ಆ ಮಾತು ಚೂರಿಗಿಂತ ಮೊದಲು ಚುಚ್ಚಿತು. ಯಾಕೆಂದು ಹೇಳುತ್ತೇನೆ. ಚಹಾ ಬೇಡ ಸರ್... ನಿಮ್ಮ ಮನೆಯಲ್ಲಿ ಕೂತು ಚಹಾ ಕುಡಿಯುವ ಮುಖ ನನಗಿಲ್ಲ.

ನನ್ನನ್ನು ನೀವು ಬಲ್ಲಿರಿ. ಜನಾರ್ದನ. ಬದಿಯಡ್ಕದಲ್ಲಿ ಕಂಪ್ಯೂಟರ್, ಸಿಸಿಟಿವಿ ಅಂಗಡಿ. ವಾರಪತ್ರಿಕೆಯಲ್ಲಿ 'ಸೈಬರ್ ಕಾವಲು' ಅಂಕಣ. ಡಿಜಿಟಲ್ ಅರೆಸ್ಟ್, ಎಐ ಧ್ವನಿ, ಮದುವೆ ಕಾಗದದ ಹೆಸರಿನಲ್ಲಿ ಬರುವ ಕಳ್ಳ ಆ್ಯಪ್... ಎಲ್ಲದರ ಬಗ್ಗೆಯೂ ಊರಿಗೆ ಬೈದು ಬರೆಯುವವನು ನಾನೇ. ಆ ವಾರ ಎಲ್ಲಿಯದೋ ಆಸ್ಪತ್ರೆಯ ಕ್ಯಾಮೆರಾ ಸೋರಿದ ಸುದ್ದಿ ಹಿಡಿದು ಜಾಡಿಸಿದ್ದೆ. 'ಎಲ್ಲದಕ್ಕೂ ಒಂದೇ ಪಾಸ್‌ವರ್ಡ್ ಇಡುವವನು ಮೂರ್ಖ!' ಅದು ತಲೆಬರಹ.

ಆ ಪೇಪರ್ ಹಿಡಿದುಕೊಂಡೇ ಲೀನಾ ಬಂದಳು. ಬಾಯಾರು ಪೇಟೆಯಲ್ಲಿ ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ ಅವಳದ್ದು. ಹೊತ್ತು ಹನ್ನೆರಡು.

"ಜನಾರ್ದನಣ್ಣ, ಇದು ಬರೆದದ್ದು ನೀವಲ್ವಾ? ನನ್ನನ್ನು ಇದರಿಂದ ಬಿಡಿಸಿ."

ಫೋನ್ ಮುಂದೆ ಹಿಡಿದಳು.

ಅವಳ ಅಂಗಡಿಯ ಕ್ಯಾಮೆರಾದ್ದೇ ವಿಡಿಯೋ. ಶಟರ್ ಎಳೆದುಕೊಂಡು, ತಾನೇ ಹೊಲಿದ ಚೂಡಿದಾರ ಹಾಕಿ ನೋಡಲೆಂದು ಬಟ್ಟೆ ಬದಲಿಸುತ್ತಿದ್ದಾಳೆ. ಕೆಳಗೆ ಗೊತ್ತಿಲ್ಲದ ನಂಬರಿನಿಂದ ಮೆಸೇಜು: 'ನಾಲ್ಕು ಗಂಟೆಯ ಒಳಗೆ ಕ್ಯಾಮೆರಾವನ್ನು ಅಳತೆ ತೆಗೆಯುವ ಮೂಲೆಗೆ ತಿರುಗಿಸು. ಇಲ್ಲದಿದ್ದರೆ ಇದು ಊರಿನ ಎಲ್ಲ ಗ್ರೂಪಿಗೆ.'

ಎರಡು ಸೆಕೆಂಡ್ ನೋಡಿ ಫೋನ್ ಮಗುಚಿ ಹಾಕಿದೆ. ಆದರೆ ಕಾಣಬೇಕಾದ್ದು ಕಂಡಿತ್ತು. ವಿಡಿಯೋದ ಮೂಲೆಯಲ್ಲಿ ಸಣ್ಣ ಅಕ್ಷರ... '17 ಲೀನಾ.'



ಹೀಗೆ ನಂಬರ್ ಹಾಕಿ ಹೆಸರು ಬರೆಯುವುದು ನನ್ನ ಪದ್ಧತಿ. ಅರುವತ್ತೆರಡು ಗಿರಾಕಿಗಳ ಕ್ಯಾಮೆರಾಗಳೂ ನನ್ನ ಒಂದೇ ಅಕೌಂಟಿನಲ್ಲಿದ್ದವು. ಯಾರಾದರೂ ಪಾಸ್‌ವರ್ಡ್ ಮರೆತರೆ ಮತ್ತೆ ಗುಡ್ಡ ಹತ್ತಬೇಕಲ್ಲ ಎಂಬ ಉದಾಸೀನ. ಆ ಒಂದು ಅಕೌಂಟಿನ ಪಾಸ್‌ವರ್ಡ್ ನನ್ನ ಮನೆ ಹೆಸರು. ಅದರ ಮುಂದೆ ಒಂದು ಎರಡು ಮೂರು.

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ!

"ಯಾರಂತ ಗೊತ್ತಾಗ್ತದಾ ಅಣ್ಣ?"

"ದೊಡ್ಡ ಹ್ಯಾಕರ್ ಇರಬೇಕು" ಎಂದೆ. ಅವಳ ಮುಖ ನೋಡಿಯೇ ಸುಳ್ಳು ಹೇಳಿದೆ ಸರ್.

"ನನ್ನದು ಹೋದ್ರೆ ಹೋಗಲಿ ಮಾರಾಯ್ರೆ" ಎಂದಳು. ಕಣ್ಣಲ್ಲಿ ನೀರಿತ್ತು, ಸ್ವರ ಗಟ್ಟಿಯಿತ್ತು. "ಕ್ಯಾಮೆರಾ ಮಾತ್ರ ತಿರುಗಿಸ್ಲಿಕ್ಕಿಲ್ಲ. ನನ್ನನ್ನು ನಂಬಿ ಅಳತೆ ಕೊಡ್ಲಿಕ್ಕೆ ಬರುವವರು ಅವರು."

ಪಾಸ್‌ವರ್ಡ್ ಆಗಲೇ ಬದಲಿಸಬಹುದಿತ್ತು. ಬದಲಿಸಿದರೆ ಅವನು ಎಚ್ಚರಗೊಂಡು ವಿಡಿಯೋ ಗ್ರೂಪಿಗೆ ಹಾಕಿದರೆ? ಮುಟ್ಟಲಿಲ್ಲ. ಅಂಗಡಿ ತೆರೆಯಬೇಡ ಎಂದು ಅವಳಿಗೆ ಹೇಳಿ ಬೈಕ್ ಹತ್ತಿದೆ.

ಪಾಸ್‌ವರ್ಡನ್ನು ನಾನು ಬಾಯಿಬಿಟ್ಟು ಹೇಳಿದ್ದು ಒಬ್ಬರಿಗೇ. ಕುಂಬ್ಡಾಜೆಯಲ್ಲಿ ಕೋಳಿ ಫಾರ್ಮ್ ಇರುವ ಚೆನ್ನಪ್ಪಣ್ಣನಿಗೆ. ಆ್ಯಪ್ ಲಾಗೌಟ್ ಆಗಿತ್ತು, ನನಗೆ ಅರ್ಜೆಂಟ್ ಇತ್ತು, ಫೋನಿನಲ್ಲೇ ಹೇಳಿದ್ದೆ.

"ಚೆನ್ನಪ್ಪಣ್ಣ, ನಾನು ಹೇಳಿದ ಪಾಸ್‌ವರ್ಡ್ ಎಲ್ಲಿ?"

"ಅಲ್ಲೇ ಉಂಟಲ್ಲ ಮಾರಾಯ!"

ಗೋಡೆಯಲ್ಲಿ ಸೊಸೈಟಿಯ ಕ್ಯಾಲೆಂಡರ್. ಗ್ಯಾಸ್ ಬುಕ್ಕಿಂಗ್ ನಂಬರಿನ ಕೆಳಗೆ ನನ್ನ ಇಮೇಲು, ನನ್ನ ಮನೆ ಹೆಸರು, ಒಂದು ಎರಡು ಮೂರು. ದಪ್ಪ ಅಕ್ಷರ. ಮೇಲೆ 'ಕ್ಯಾಮೆರಾ ಜನಾರ್ದನ' ಎಂದು ಬೇರೆ.

"ಇದನ್ನು ಯಾರು ನೋಡಿದ್ದಾರೆ?"

"ಯಾರು ನೋಡ್ತಾರೆ? ನೆಟ್ ಕನೆಕ್ಷನಿನ ಗೌರೀಶಂಕರ ಒಬ್ಬ... ಕ್ಯಾಲೆಂಡರ್ ಚಂದ ಉಂಟು ಅಂತ ಫೋಟೋ ತೆಗೆದ."

"ಅವ ಈಗ ಎಲ್ಲಿ?"

"ಮೇಲೆ ಗುಡ್ಡೆಯಲ್ಲಿ ವಯರ್ ಎಳೀತಾ ಇದ್ದಾನೆ. ಈಗಷ್ಟೇ ನೀರು ಕುಡಿದು ಹೋದ. ಎಂತ ಆಯ್ತು?"

ಉತ್ತರ ಕೊಡದೆ ಓಡಿದೆ.

ನನ್ನನ್ನು ಕಂಡದ್ದೇ ತಡ, ಗೌರೀಶಂಕರ ಏಣಿಯಿಂದ ಹಾರಿದ! ರಬ್ಬರ್ ತೋಟದೊಳಗೆ ನುಗ್ಗಿದ. ನಾನೂ ಹಿಂದೆಯೇ. ಅವನಿಗೆ ಮೂವತ್ತು, ನನಗೆ ಐವತ್ತೊಂದು. ಇಳಿಜಾರಿನಲ್ಲಿ ಅವನ ಕಾಲಿಗೆ ಬಳ್ಳಿ ಸಿಕ್ಕಿತು. ಬಿದ್ದ. ಎದ್ದಾಗ ಕೈಯಲ್ಲಿ ಚೂರಿ!

ಅಲ್ಲಿಂದ ಮುಂದಿನದ್ದು ಆಗಲೇ ಹೇಳಿದೆ.

"ಓದಿದ್ದು!" ಎಂದು ಅವನು ನಕ್ಕ. ಆ ನಗುವಿನಲ್ಲಿ ಕೈ ಸಡಿಲವಾಯಿತು. ಮಣಿಕಟ್ಟು ಹಿಡಿದು ತಿರುಚಿದೆ. ಚೂರಿ ನನ್ನ ಮೊಣಕೈ ಸೀಳಿಕೊಂಡು ಕೆಳಗೆ ಬಿತ್ತು. ಅವನನ್ನು ಕೆಡವಿ ಬೆನ್ನ ಮೇಲೆ ಮೊಣಕಾಲು ಊರಿದೆ.

"ಬಿಟ್ಬಿಡಿ ಸರ್... ಎಲ್ಲ ಡಿಲೀಟ್ ಮಾಡ್ತೇನೆ. ನಿಮ್ಮ ಎದುರೇ!"

"ಬಾಯ್ಮುಚ್ಚು!"

"ಪೊಲೀಸ್ ಬಂದ್ರೆ ಪಾಸ್‌ವರ್ಡ್ ಎಲ್ಲಿ ಸಿಕ್ಕಿತು ಅಂತ ಕೇಳ್ತಾರೆ. ನಾನು ಹೇಳ್ಬೇಕಾಗ್ತದೆ. ಮತ್ತೆ ನಿಮ್ಮ ಅಂಗಡಿ ಉಂಟಾ? ಪೇಪರಿನಲ್ಲಿ ನಿಮ್ಮ ಫೋಟೋ ಉಂಟಾ?"



ಹೌದು ಸರ್. ಯೋಚಿಸಿದೆ! ಡಿಲೀಟ್ ಮಾಡಿಸಿ ಕಳಿಸಿದರೆ ಯಾರಿಗೂ ಗೊತ್ತಾಗದು... 'ಹ್ಯಾಕರನ್ನು ಓಡಿಸಿದೆ' ಎಂದರೆ ಲೀನಾ ಕೈ ಮುಗಿದಾಳು. ಎಷ್ಟು ಹೊತ್ತು ಹಾಗೆ ಯೋಚಿಸಿದೆನೋ ಗೊತ್ತಿಲ್ಲ. ಪಾಸ್‌ವರ್ಡಿನ ನಾಚಿಕೆ ಒಂದು ತೂಕ, ಆ ಗಳಿಗೆಯ ನಾಚಿಕೆ ಹತ್ತು ತೂಕ.

'ಕ್ಯಾಮೆರಾ ಮಾತ್ರ ತಿರುಗಿಸ್ಲಿಕ್ಕಿಲ್ಲ.' ಹೊಲಿಗೆ ಮಾಡಿ ಬದುಕುವ ಹೆಂಗಸು ಅಂದ ಮಾತು.

ಅವನ ಫೋನ್ ಕಿತ್ತು ಜೇಬಿಗೆ ಹಾಕಿ ಪೊಲೀಸರಿಗೆ ಫೋನ್ ಮಾಡಿದೆ.

ಜೀಪು ಬಂದಾಗ ನಾಲ್ಕಕ್ಕೆ ಇನ್ನೂ ಹತ್ತು ನಿಮಿಷವಿತ್ತು. ವಿಡಿಯೋ ಎಲ್ಲಿಗೂ ಹೋಗಿರಲಿಲ್ಲ. ಎಸ್‌ಐ ಕೇಳುವ ಮೊದಲೇ ಪಾಸ್‌ವರ್ಡಿನ ಕತೆ ನಾನೇ ಬರೆಸಿದೆ. ಬರೆದುಕೊಳ್ಳುತ್ತಿದ್ದ ಪೊಲೀಸ್ ಒಮ್ಮೆ ತಲೆಯೆತ್ತಿ ನೋಡಿದ. "ಪೇಪರಿನಲ್ಲಿ ಬರೆಯುವವರು ನೀವೇ ಅಲ್ವಾ?"

"ಹೌದು. ನಾನೇ."

ಸಂಜೆ ಲೀನಾಳ ಅಂಗಡಿಗೆ ಹೋದೆ. ಅವಳಿಗೂ ಹೇಳಿದೆ. ಹ್ಯಾಕರ್ ಯಾರೂ ಇಲ್ಲ ಎಂದೆ. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ನನ್ನ ಮೊಣಕೈಯ ರಕ್ತಕ್ಕೆ ಒಂದು ತುಂಡು ಬಟ್ಟೆ ಕೊಟ್ಟಳು.

"ನನಗೆ ಬೇರೆ ಅಕೌಂಟ್ ಮಾಡಿ ಕೊಡಿ" ಎಂದಳು.

ಮಾಡಿದೆ. "ಇನ್ನು ಪಾಸ್‌ವರ್ಡ್ ಹಾಕು."

"ನೀವು ಗೋಡೆಗೆ ತಿರುಗಿ ನಿಲ್ಲಿ."

ನಿಂತೆ. ಅವಳು ನಿಧಾನವಾಗಿ ಒಂದೊಂದೇ ಅಕ್ಷರ ಒತ್ತಿದಳು. ಮುಗಿಯುವ ತನಕ ನಾನು ಗೋಡೆಯನ್ನೇ ನೋಡಿದೆ.

"ಉಳಿದವರಿಗೂ ಹೇಳ್ತೀರಲ್ಲ ಅಣ್ಣ?"

"ಹೇಳ್ತೇನೆ."

ಅದಕ್ಕೇ ಬಂದದ್ದು ಸರ್. ನಿಮ್ಮದು ಮೂವತ್ತನಾಲ್ಕನೆಯ ಕ್ಯಾಮೆರಾ. ಲಾಗಿನ್ ದಾಖಲೆ ನೋಡಿದ್ದೇನೆ... ಅವನು ನಿಮ್ಮ ಜಗಲಿಯನ್ನೂ ಹನ್ನೊಂದು ಸಲ ತೆರೆದು ನೋಡಿದ್ದಾನೆ. ಬೈಯುವುದಾದರೆ ಬೈಯಿರಿ, ಹೊಡೆಯುವುದಾದರೆ ಹೊಡೆಯಿರಿ. ಆಮೇಲೆ ಫೋನ್ ತೆಗೆದುಕೊಳ್ಳಿ.

ನಿಮ್ಮ ಯಾವ ಗೋಡೆಗೆ ತಿರುಗಿ ನಿಲ್ಲಲಿ?