ಬೇರೆ ಕೋರ್ಟಿಗೆ ಹೋಗದ ಫೈಲು

“ನಿಮ್ಮ ಫೈಲು ಇನ್ನೂ ಹೋಗಿಲ್ಲ,” ಎಂದ ದಬ್ಬಣ, ನನ್ನ ಮುಖ ನೋಡದೆ.

ಕೋರ್ಟಿನ ಗುಮಾಸ್ತನಿಗೆ ವಕೀಲರು ಇಟ್ಟ ಹೆಸರದು. ಎಷ್ಟೇ ದಪ್ಪದ ಕಡತವಾದರೂ ದಬ್ಬಣ ಹಿಡಿದು ಅಚ್ಚುಕಟ್ಟಾಗಿ ಹೊಲಿಯುತ್ತಾನೆ. ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡುತ್ತ ಕನ್ನಡಕದ ಮೇಲಿಂದ ಒಮ್ಮೆ ನೋಡುತ್ತಾನಲ್ಲ, ಆ ನೋಟಕ್ಕಾಗಿಯೇ ನಾನು ಪ್ರತಿ ವಾಯಿದೆಗೂ ಬರುತ್ತಿದ್ದೆ. ವಕೀಲರೊಬ್ಬರೇ ಬಂದಿದ್ದರೆ ಸಾಕಿತ್ತು.

ಅಪ್ಪ ಹೋದ ಮೇಲೆ ನಾನು ಮರಗಟ್ಟಿಹೋಗಿದ್ದೆ. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಅಪ್ಪನ ವಿಲ್ಲನ್ನು ಕೋರ್ಟು ಒಪ್ಪಬೇಕೆಂದು ಇಲ್ಲಿ ಅರ್ಜಿ ಹಾಕಿದವಳು ನಾನು. ಆಸ್ತಿಯೆಲ್ಲ ತನ್ನೂರಲ್ಲಿದೆ, ಕೇಸು ಅಲ್ಲಿನ ಕೋರ್ಟಿಗೇ ವರ್ಗವಾಗಲಿ ಎಂದವನು ಅಣ್ಣ. “ನಿಮ್ದೇನಾದ್ರೂ ತಕರಾರಿದೆಯೇನಮ್ಮ?” ಎಂದು ವಕೀಲರು ಕೇಳಿದಾಗ, ಇಲ್ಲವೆಂದು ತಲೆ ಅಲ್ಲಾಡಿಸಿ ಸಹಿ ಹಾಕಿಬಿಟ್ಟೆ. ಇನ್ನು ಇಲ್ಲಿಗೆ ಬರಲು ನೆಪವಿಲ್ಲ ಎಂದು ಹೊಳೆದದ್ದು ಮನೆ ಸೇರಿದ ಮೇಲೆ.

ತಿಂಗಳು ಕಳೆದು, ಅಂದು ಬೆಳಿಗ್ಗೆ ಅಣ್ಣ ಫೋನಿನಲ್ಲಿ ರೇಗಿದ್ದ. ಫೈಲು ಅಲ್ಲಿಗೆ ತಲುಪೇ ಇಲ್ಲವಂತೆ. ಅದಕ್ಕೇ ಬಂದಿದ್ದೆ.

“ಆರ್ಡರ್ ಆಗಿ ತಿಂಗಳ ಮೇಲಾಯ್ತಲ್ರೀ?”

“ಪುಟದ ನಂಬರು ತಪ್ಪಿತ್ತು. ಬಿಚ್ಚಿ ಮತ್ತೆ ಹೊಲಿದೆ.”

“ನಿಮ್ಮ ಕೈಲಿ ತಪ್ಪಾ? ಯಾರ ಕಿವಿಗೆ ಹೂವಿಡ್ತೀರಿ?”

ಅವನ ಮುಖ ಕೆಂಪಾಯಿತು. ಕೈಯಲ್ಲಿದ್ದುದನ್ನು ಕೆಳಗಿಟ್ಟ.

“ಬೇಕಂತಲೇ ತಪ್ಪು ಹಾಕಿದೆ. ಫೈಲು ಹೋದ್ರೆ ನೀವು ಬರಲ್ಲ. ನೀವು ನೋಡಿದ್ರೆ ತಕರಾರೇ ಇಲ್ಲ ಅಂತ ಬರೆದುಕೊಟ್ರಿ. ಇಲ್ಲಿಂದ ಹೋಗೋಕೆ ತಕರಾರಿಲ್ಲ ಅಂತ ನನಗೇ ಹೇಳಿದ ಹಾಗಾಯ್ತು.”

ಇವನನ್ನು ಕಳೆದುಕೊಳ್ಳುವುದು ನನಗೆ ಬೇಕಿರಲಿಲ್ಲ. ಎಷ್ಟೋ ದಿನದ ಮೇಲೆ ನನಗೆ ಏನೋ ಒಂದು ಬೇಕು ಅನಿಸಿತ್ತು.

“ಮೊದಲೇ ಹೇಳೋಕೆ ಏನಾಗಿತ್ತು?”

“ಕೇಸು ನನ್ನ ಟೇಬಲ್ ಮೇಲಿರುವಾಗ ನಿಮ್ಮ ಜೊತೆ ಒಂದು ಕಾಫಿ ಕುಡಿದ್ರೂ ಕೆಲಸಕ್ಕೆ ಕುತ್ತು. ನಿಮ್ಮ ಕೇಸಿಗೂ ಕೆಟ್ಟ ಹೆಸರು.”

“ಅಯ್ಯೋ ಬುದ್ಧಿವಂತ,” ಎಂದೆ. “ಮತ್ತೆ ಆ ಫೈಲನ್ನೇ ಹಿಡ್ಕೊಂಡು ಕೂತಿದ್ದೀರಲ್ಲ. ಕಳಿಸಿ ಮೊದಲು.”

ನನ್ನ ಮಾತು ಅವನ ತಲೆಗಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಕಡತದ ಕಟ್ಟಿನ ಮೇಲೆ ಅರಗು ಹಾಕಿ, ಮೊಹರೊತ್ತಿ, ತಾನೇ ಓಡಿ ಟಪಾಲು ವಿಭಾಗಕ್ಕೆ ಕೊಟ್ಟುಬಂದ.

“ಹೋಯ್ತು,” ಎಂದ, ಏದುಸಿರು ಬಿಡುತ್ತ. “ಈಗ?”

“ಊಟಕ್ಕೆ ಕರ್ಕೊಂಡು ಹೋಗಿ.”

ಅಪ್ಪ ಹೋದ ಮೇಲೆ ನನಗೆ ಹಸಿವಾದದ್ದು ಅಂದೇ ಮೊದಲು.