ಕುದುರೆ ಬಿಟ್ಟು ನಡೆದ ದಾರಿ

ರೊಸಾಮೆಲ್ ಊಟದ ಮೇಜಿನ ಮೇಲೆ ಬೆಟ್ಟ ಕಟ್ಟುತ್ತಿದ್ದ. ರೊಟ್ಟಿ ಬೆಟ್ಟವಾಯಿತು, ಚಾಕು ನದಿಯಾಯಿತು, ಉಪ್ಪಿನ ಬಟ್ಟಲು ಆಚೆಯ ಸರೋವರವಾಯಿತು. ಹೊರಗೆ ಪಟಗೋನಿಯಾದ ಗಾಳಿ ತಗಡಿನ ಮಾಡನ್ನು ಹಿಡಿದು ಅಲುಗಾಡಿಸುತ್ತಿತ್ತು.

"ಇಲ್ಲಿ ನದಿ ದಾಟು. ಇಲ್ಲಿ ಕಣಿವೆ ಹತ್ತು. ಎರಡನೇ ದಿನ ಸರೋವರದ ದಂಡೇಲಿ ಮಾಂಸ ಸುಡ್ತಾ ಕೂತಿರ್ತೀವಿ" ಎಂದ.

"ನದಿ ಹೇಗಿದೆ ಚಿಕ್ಕಪ್ಪಾ?" ಮಿರ್ತಾ ಕೇಳಿದಳು.

"ಆ ನದೀಲಿ ಬೂಟೂ ನೆನೆಯಲ್ಲ ಮಗಳೇ."

ಮಿರ್ತಾ ತಲೆಯಾಡಿಸಿದಳು. ಅವಳ ಗಂಡ ಇಲಾರಿಯೊ ಕೂಡ ತಲೆಯಾಡಿಸಿದ. ಈ ಕಣಿವೆಯ ಜನ ಪಕ್ಕದ ಮನೆಗೆ ಬೆಂಕಿಪೊಟ್ಟಣ ಕೇಳಲು ಹೋಗುವುದಾದರೂ ಕುದುರೆಗೆ ಜೀನು ಹಾಕುವವರು. ಚಿಕ್ಕಪ್ಪನಂತೂ ಹಿತ್ತಿಲಿನಿಂದಾಚೆ ನಡೆದದ್ದನ್ನು ಕಂಡವರಿಲ್ಲ.

ಆದರೆ ಈಗ ಬೆಟ್ಟ ಸಂರಕ್ಷಿತ ಅರಣ್ಯವಾಗಿತ್ತು, ಕುದುರೆಗೆ ಪ್ರವೇಶವಿರಲಿಲ್ಲ. ಅರಣ್ಯಾಧಿಕಾರಿ ಗ್ರಿಸೆಲ್ದಾ ಕಡ್ಡಿ ಮುರಿದಂತೆ ಹೇಳಿದ್ದಳು: "ಶನಿವಾರ ಚಾರಣದವರ ಮೊದಲ ತಂಡ ಬರುತ್ತೆ. ಅಷ್ಟರೊಳಗೆ ನೀವೇ ಸರೋವರದ ತನಕ ನಡೆದುಹೋಗಿ ವಾಪಸು ಬಂದು ತೋರಿಸಿ. ಬಂದರೆ ಆ ತಂಡವನ್ನ ಮಿರ್ತಾನೇ ಕರಕೊಂಡು ಹೋಗಲಿ. ಇಲ್ಲಾಂದ್ರೆ ದಾರಿಗೆ ಬೇಲಿ ಹಾಕಿಬಿಡ್ತೀನಿ."

ಮಿರ್ತಾಳ ಅಪ್ಪ ಕುರಿ ಹೊಡೆದುಕೊಂಡು ಹೋಗುತ್ತಿದ್ದ ದಾರಿ ಅದು. ಚಿಕ್ಕವಳಿದ್ದಾಗ ಅಪ್ಪನ ಜೀನಿನ ಮುಂದೆ ಕೂತು ಅಲ್ಲಿಗೆ ಹೋಗಿದ್ದಳು. ಈಗ ಕುರಿಗಳೂ ಇಲ್ಲ, ಅಪ್ಪನೂ ಇಲ್ಲ. ಆ ದಾರಿಗೂ ಬೇಲಿ ಬೀಳುವುದನ್ನು ನೋಡುವ ಶಕ್ತಿ ಅವಳಿಗಿರಲಿಲ್ಲ.

ಬುಧವಾರ ಬೆಳಿಗ್ಗೆ ಮೂವರೂ ಹೊರಟರು. ಕುದುರೆಗೆ ಹೇರುವಂತೆ ತಮ್ಮ ಬೆನ್ನಿಗೆ ತಾವೇ ಹೇರಿಕೊಂಡಿದ್ದರು: ಕುರಿಯ ಇಡೀ ತೊಡೆ, ಕಬ್ಬಿಣದ ಕೆಟಲು, ಹಾಸಲು ಕುರಿದೊಗಲು, ಜೊತೆಗೆ ಚರ್ಮದ ಹುರಿಹಗ್ಗ. ಲೆಂಗಾ ಮರಗಳ ಕಾಡು ದಾಟುವ ಹೊತ್ತಿಗೆ ಇಲಾರಿಯೊನ ನಾಲಿಗೆ ಹೊರಬಿದ್ದಿತ್ತು.

"ಮಾವಾ, ಈ ಕೆಟಲನ್ನ ಹಿಂದೆ ಯಾರು ಹೊರ್ತಿದ್ರು?"

"ಹೇಸರಗತ್ತೆ."

"ಅದಕ್ಕೊಂದು ದೊಡ್ಡ ನಮಸ್ಕಾರ" ಎಂದು ಇಲಾರಿಯೊ ಕೆಟಲನ್ನು ಕೊಂಬೆಗೆ ನೇತುಹಾಕಿದ. ಕುರಿದೊಗಲುಗಳೂ ಅಲ್ಲೇ ಉಳಿದವು.

ಸಂಜೆ ನದಿ ಸಿಕ್ಕಿತು. ಹಿಮನದಿಯಿಂದ ಕರಗಿ ಬಂದ ಬೂದಿಬಣ್ಣದ ನೀರು ಎರಡು ಬಂಡೆಗಳ ನಡುವೆ ಇಕ್ಕಟ್ಟಾಗಿ ನುಗ್ಗುತ್ತಿತ್ತು. ಚಿಕ್ಕಪ್ಪ ಹಿಂದೆಮುಂದೆ ನೋಡದೆ ಇಳಿದ.

"ತಳ ಗಟ್ಟಿ ಇದೆ, ಬನ್ನಿ" ಎಂದ.

ಮೂರನೇ ಹೆಜ್ಜೆಗೆ ನೀರು ಎದೆಗೆ ಬಂತು. ನಾಲ್ಕನೆಯದಕ್ಕೆ ಚಿಕ್ಕಪ್ಪ ಕಾಣಲಿಲ್ಲ.

ಮಿರ್ತಾ ದಂಡೆಯುದ್ದಕ್ಕೂ ಓಡಿದಳು. ಟೋಪಿ ತೇಲಿತು. ಅದರ ಹಿಂದೆ ಒಂದು ಕೈ ಎದ್ದಿತು.

"ಹಗ್ಗ!"

ಇಲಾರಿಯೊ ಹುರಿಹಗ್ಗ ಬೀಸಿದ. ಕುಣಿಕೆ ತಪ್ಪಿತು. ಎಳೆದುಕೊಂಡು ಮತ್ತೆ ಬೀಸಿದ. ಈ ಸಲ ಅದು ತೋಳಿಗೆ ಬಿತ್ತು. ಇಬ್ಬರೂ ಬಂಡೆಗೆ ಕಾಲು ಕೊಟ್ಟು ಎಳೆದರು. ನೀರೂ ಆ ಕಡೆಯಿಂದ ಎಳೆಯಿತು. ಅಂತೂ ಚಿಕ್ಕಪ್ಪ ದಂಡೆಗೆ ಬಂದು ಬಿದ್ದ.

ಬೆಂಕಿ ಹಾಕಿ ಅವನನ್ನು ಕೂರಿಸಿದಾಗ ಹಲ್ಲು ಕಟಕಟ ಎನ್ನುತ್ತಿತ್ತು. "ನಲವತ್ತು ವರ್ಷ ಇಲ್ಲೇ ದಾಟಿದೀನಿ" ಎಂದ. ಅವನ ಮುಖ ನೋಡಿ ಮಿರ್ತಾಳಿಗೆ ಅಳು ಬಂತು, ನಗುವೂ ಬಂತು.

"ನಲವತ್ತು ವರ್ಷ ದಾಟಿದ್ದು ಕುದುರೆ ಚಿಕ್ಕಪ್ಪಾ. ನೀನು ಕಾಲೆತ್ತಿಕೊಂಡು ಕೂತಿದ್ದೆ. ನನಗೂ ಅದು ಹೊಳೀಲಿಲ್ಲ ನೋಡು."

ಕತ್ತಲಾಗುವ ಮುನ್ನ ಅವಳೊಬ್ಬಳೇ ನದಿಯ ಮೇಲ್ಭಾಗಕ್ಕೆ ನಡೆದಳು. ಅಲ್ಲಿ ನೀರು ಜಲ್ಲಿಕಲ್ಲಿನ ಬಯಲಿನಲ್ಲಿ ಹಲವು ಕವಲಾಗಿ ಹರಡಿತ್ತು. ಕವಲುಗಳ ನಡುವೆ ಮೆತ್ತನೆಯ ಮರಳು ಇದ್ದುದರಿಂದ ಕುದುರೆ ಸವಾರರು ಆ ಜಾಗಕ್ಕೆ ತಲೆಹಾಕಿಯೂ ಮಲಗುತ್ತಿರಲಿಲ್ಲ.

ಅವಳು ವಾಪಸು ಬಂದು ಅಲ್ಲೇ ದಾಟೋಣ ಎಂದಾಗ, "ಅಲ್ಲಿ ಕಾಲು ಹೂತುಹೋಗುತ್ತೆ" ಎಂದು ಚಿಕ್ಕಪ್ಪ ಮುಖ ಊದಿಸಿಕೊಂಡ.

"ಕುದುರೆ ಕಾಲು ಹೂತುಹೋಗುತ್ತೆ. ನಾವು ಅಷ್ಟು ಭಾರ ಇದೀವಾ?"

ರಾತ್ರಿಯ ಚಳಿಗೆ ಹಿಮ ಕರಗುವುದು ನಿಂತು, ಬೆಳಗಿನ ಜಾವ ನದಿ ಸೊರಗಿತ್ತು. ಮೂವರೂ ತೋಳಿಗೆ ತೋಳು ಹೆಣೆದು, ಕೋಲು ಊರುತ್ತ ಕವಲುಗಳನ್ನು ಒಂದೊಂದಾಗಿ ದಾಟಿದರು. ನೀರು ತೊಡೆಯ ಮೇಲೆ ಬರಲಿಲ್ಲ.

ಮೇಲಿನ ಕಣಿವೆಬಾಯಿಯಲ್ಲಿ ಮರವಿಲ್ಲ, ಹುಲ್ಲೂ ಇಲ್ಲ. ಪಡುವಣದ ಸಮುದ್ರದಿಂದ ಎದ್ದ ಗಾಳಿ ಮಂಜುಗಡ್ಡೆಯ ಬಯಲನ್ನು ದಾಟಿ ಇದೊಂದೇ ಸಂದಿಯಲ್ಲಿ ನುಗ್ಗುತ್ತದೆ. ಕೆಳಗೆ ಕಾಡು ಹಸಿರು ಕಂಬಳಿಯಂತೆ ಹಾಸಿತ್ತು, ಅದರಾಚೆ ನದಿ, ಅದರಾಚೆ ಎಲ್ಲೋ ಮನೆ. ತಿರುಗಿ ನೋಡಲು ಹೋದ ಇಲಾರಿಯೊನನ್ನು ಗಾಳಿ ಎತ್ತಿ ಕೂರಿಸಿತು.

"ಎದ್ದು ನಿಲ್ಲಬೇಡಿ" ಮಿರ್ತಾ ಕೂಗಿದಳು.

ಜಲ್ಲಿ ಮುಖಕ್ಕೆ ರಾಚಿತು. ಗಾಳಿ ಉಸಿರು ತೆಗೆದುಕೊಂಡಾಗ ಸರಿಯಬೇಕು, ಬೀಸಿದಾಗ ನೆಲಕ್ಕೆ ಅಂಟಬೇಕು. ಅಂಗೈ ಸುಲಿಯಿತು. ಮೂವರೂ ಅಂಬೆಗಾಲಿಟ್ಟರು.

"ಮಾವಾ" ಇಲಾರಿಯೊ ಅರಚಿದ, "ಈಗ ನಮಗೂ ನಾಲ್ಕು ಕಾಲು. ಅಧಿಕಾರಿ ಕಂಡ್ರೆ ಕುದುರೆ ಅಂತ ದಂಡ ಹಾಕ್ತಾಳೆ!"

ಚಿಕ್ಕಪ್ಪ ಹೊಟ್ಟೆಯ ಮೇಲೆ ಬಿದ್ದುಕೊಂಡೇ ನಕ್ಕ. ನದಿಯಲ್ಲಿ ಮುಳುಗಿದ ಮೇಲೆ ಅವನು ನಕ್ಕದ್ದು ಅದೇ ಮೊದಲು.

ಶುಕ್ರವಾರ ಸರೋವರ ಸಿಕ್ಕಿತು. ಅಪ್ಪ ಬೆಂಕಿ ಹಾಕುತ್ತಿದ್ದ ಬಂಡೆಯನ್ನು ಮಿರ್ತಾ ಮುಟ್ಟಿ ನೋಡಿದಳು. ಹೆಚ್ಚು ಹೊತ್ತು ಕೂರಲು ಪುರಸೊತ್ತಿರಲಿಲ್ಲ.

ಶನಿವಾರ ಸಂಜೆ ಮತ್ತೆ ನದಿಯ ದಂಡೆಗೆ ಬಂದರು. ಬಿಸಿಲಿಗೆ ಹಿಮ ಕರಗಿ ನದಿ ಉಬ್ಬಿತ್ತು. ದಾಟಿಬಿಟ್ಟರೆ ಹೇಗಾದರೂ ಓಡಿ ನಡುರಾತ್ರಿಯೊಳಗೆ ಅರಣ್ಯದ ಗೇಟು ಮುಟ್ಟಬಹುದಿತ್ತು.

"ದಾಟೋಣ. ನನ್ನ ಸೊಂಟಕ್ಕೆ ಹಗ್ಗ ಕಟ್ಟು" ಎಂದ ಚಿಕ್ಕಪ್ಪ. "ನನ್ನಿಂದಾಗಿ ನಿನ್ನ ದಾರಿ ಕೈತಪ್ಪಬಾರದು."

ಮಿರ್ತಾಳಿಗೂ ದಾಟಿಬಿಡುವ ಆಸೆಯಿತ್ತು. ಆದರೂ ಚೀಲ ಕೆಳಗಿಟ್ಟಳು. "ನಾಳೆ ನನ್ನ ಹಿಂದೆ ಬರೋರನ್ನ ಈ ನೀರಿಗೆ ಇಳಿಸ್ತೀನಾ? ಇಲ್ಲ ತಾನೇ? ಬೆಳಿಗ್ಗೆ ದಾಟೋಣ. ಬೇಲಿ ಬಿದ್ರೆ ಬೀಳಲಿ."

ಭಾನುವಾರ ಮಧ್ಯಾಹ್ನ ಗೇಟಿನ ಬಳಿ ಬೇಲಿಯ ಗೂಟಗಳು ಬಂದು ಬಿದ್ದಿದ್ದವು. ಚಾರಣದವರು ಚೀಲಗಳನ್ನು ಜೀಪಿಗೆ ಏರಿಸುತ್ತಿದ್ದರು. ಗ್ರಿಸೆಲ್ದಾ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

"ಶನಿವಾರ ಅಂದಿದ್ದೆ" ಎಂದವಳು, ಊರೆಲ್ಲ ನಂಬುವ ಮಾತು ರೊಸಾಮೆಲ್‌ನದು ಎಂದು ಅವನ ಕಡೆಗೇ ತಿರುಗಿದಳು. "ನೀವೇ ಹೇಳಿ ಯಜಮಾನರೇ, ನಡೆದು ಹೋಗೋ ದಾರಿಯಾ ಇದು?"

ಕುಂಟುತ್ತಿದ್ದ ಚಿಕ್ಕಪ್ಪ ಟೋಪಿಯಿಲ್ಲದ ತಲೆ ಕೆರೆದುಕೊಂಡ.

"ನನ್ನ ಕೇಳಬೇಡಿ ಮೇಡಂ. ಬೆಟ್ಟ ಗೊತ್ತಿದ್ದದ್ದು ನನ್ನ ಕುದುರೆಗೆ, ಹೆಸರು ಬಂದದ್ದು ನನಗೆ. ನನ್ನ ಮಾತು ಕೇಳಿದ್ದಕ್ಕೆ ಮೊದಲ ದಿನವೇ ಸಾಯ್ತಿದ್ದೆ. ನಡೆಯೋ ದಾರಿ ಹುಡುಕಿದವಳು ಇವಳು. ನಿನ್ನೆ ನದಿ ಉಬ್ಬಿತ್ತು, ನಾನು ದಾಟೋಣ ಅಂದೆ. ಇವಳು ಬಿಡಲಿಲ್ಲ. ತಡ ಆಗಿದ್ದು ಅದಕ್ಕೇ."

ಗ್ರಿಸೆಲ್ದಾ ಮಿರ್ತಾಳ ಸುಲಿದ ಅಂಗೈಗಳನ್ನು ನೋಡಿದಳು. ಆಮೇಲೆ ಜೀಪಿನತ್ತ ತಿರುಗಿ, "ಚೀಲ ಇಳಿಸಿ" ಎಂದಳು.

ಚಾರಣದವರಲ್ಲೊಬ್ಬಳು ಓಡಿಬಂದಳು. "ಅಕ್ಕಾ, ಯಾವಾಗ ಹೊರಡೋದು? ಈಗಲೇನಾ?"

"ನಾಳಿದ್ದು" ಎನ್ನುತ್ತ ಮಿರ್ತಾ ನೆಲದ ಮೇಲೆ ಕೂತು ಬೂಟು ಬಿಚ್ಚತೊಡಗಿದಳು. "ಮೊದಲು ನನ್ನ ಕಾಲುಗಳನ್ನ ಒಂದು ಮಾತು ಕೇಳ್ತೀನಿ."