ಏಳು ಗಂಟೆಯ ಫೋಟೊಗಳು

“ಯಾರ್ರೀ ಇಟ್ಟಿದ್ದು ಇದನ್ನ?”

ಕ್ಯಾಮೆರಾ ಪೆಟ್ಟಿಗೆಯ ಗಾಜಿನ ನಟ್ಟನಡುವೆ ಅರಿಶಿನ, ಅದರ ಮೇಲೆ ಕಾಸಗಲ ಕುಂಕುಮ. ಹಾಸನದ ಸ್ಟುಡಿಯೊದಿಂದ ಪ್ರತಿ ಗುರುವಾರ ಬರುವ ಶಶಿಕುಮಾರ್ ತಲೆಮೇಲೆ ಕೈ ಹೊತ್ತು ನಿಂತಿದ್ದ.

“ನಾನೇ ಸಾ,” ಅಂದಳು ಶಿವರಂಜನಿ. “ಮೊನ್ನೆ ಆಯುಧಪೂಜೆ ಅಲ್ವಾ? ಟ್ರ್ಯಾಕ್ಟರ್‌ಗೆ, ಮೋಟ್ರುಗೆ ಎಲ್ಲಕ್ಕೂ ಇಟ್ಟೆ. ಇದೊಂದನ್ನ ಎಂಗೆ ಬುಡೋದು?”

ಸಾಲಗಾಮೆಯ ಅವಳ ಅಪ್ಪನ ಹೊಲದಲ್ಲಿ, ಬೀಜದ ಕಂಪನಿಯೊಂದರ ಜಾಹೀರಾತಿಗೆಂದು ಎಲೆಕೋಸು ಬೆಳೆಯುತ್ತಿತ್ತು. ಹತ್ತು ನಿಮಿಷಕ್ಕೊಂದು ಫೋಟೊ. ಮೂರು ತಿಂಗಳ ಬೆಳೆ ಮುಕ್ಕಾಲು ನಿಮಿಷದ ಫಿಲಂನಲ್ಲಿ ಎದ್ದು ನಿಲ್ಲಬೇಕು. ದಿನಾ ಬೆಳಿಗ್ಗೆ ಏಳಕ್ಕೆ ಗಾಜು ಒರೆಸುವುದು ಶಿವರಂಜನಿಯ ಕೆಲಸ. ಪೂಜೆಯ ಕುಂಕುಮ ಅಳಿಸಬಾರದೆಂದು ಮೂರು ದಿನ ಅವಳು ಗಾಜನ್ನೇ ಮುಟ್ಟಿರಲಿಲ್ಲ. ಫೋಟೊಗಳಲ್ಲಿ ಕೋಸೇ ಇಲ್ಲ, ಬರೀ ಕೆಂಪು.

ಬೈಯಲು ಬಾಯಿ ತೆರೆದವನು ನಕ್ಕುಬಿಟ್ಟ. “ಬಿಡಿ, ಕೋಸಿಗೂ ಮೂರು ದಿನ ಹಬ್ಬದ ರಜೆ.”

ಅವಳಿಗೆ ನಗು ಬರಲಿಲ್ಲ. ಬೇಜಾರೂ ಆಗಲಿಲ್ಲ. ಗಂಡ ಮನು ತೀರಿಕೊಂಡು ಎರಡು ವರ್ಷ. ಅವತ್ತಿನಿಂದ ಒಳಗೆಲ್ಲ ಜೋಮು ಹಿಡಿದಂತೆ. ಉಂಡರೆ ರುಚಿ ಗೊತ್ತಾಗದು, ಅಳೋಣವೆಂದರೆ ಕಣ್ಣೀರು ಬಾರದು.

ಗುರುವಾರಗಳು ಬಂದು ಹೋದವು. ಕ್ಯಾಮೆರಾದ ಕಾರ್ಡ್ ಬದಲಿಸುವ ನೆಪದಲ್ಲಿ ಅವನು ಅರ್ಧ ಗಂಟೆ ಕೂರುತ್ತಿದ್ದ. ಟೀಗೆ ಸಕ್ಕರೆ ಜಾಸ್ತಿ ಎಂದು ರೇಗಿಸಿ, ಲೋಟ ಖಾಲಿ ಮಾಡುತ್ತಿದ್ದ. ಅವಳನ್ನು ಕದ್ದು ನೋಡಿ ಸಿಕ್ಕಿಬಿದ್ದರೆ ಬ್ಯಾಟರಿಯನ್ನು ತಿರುಗಿಸಿ ತಿರುಗಿಸಿ ಪರೀಕ್ಷಿಸುತ್ತಿದ್ದ.

ಕೋಸು ಕೊಯ್ದ ದಿನ ಪೆಟ್ಟಿಗೆ ಬಿಚ್ಚಿದ. ಇನ್ನು ಇಲ್ಲಿಗೆ ಬರಲು ಅವನಿಗೆ ಕೆಲಸವಿಲ್ಲ. ಹೊಂಗೆಯ ನೆರಳಲ್ಲಿ ನಿಂತು ಕೇಳಿಯೇಬಿಟ್ಟ: “ನನ್ನ ಮದ್ವೆ ಆಗ್ತೀರಾ?”

“ಬ್ಯಾಡಿ. ನನ್ನೊಳಗೆ ಏನೂ ಉಳಿದಿಲ್ಲ. ನೀವು ಬಂದ್ರೂ ಅಷ್ಟೆ, ಬರದಿದ್ರೂ ಅಷ್ಟೆ.”

ಸುಳ್ಳು ಹೇಳಲಿಲ್ಲ ಅವಳು, ಹಾಗೆಂದೇ ನಂಬಿದ್ದಳು.

ಅವನು ಲ್ಯಾಪ್‌ಟಾಪ್ ತೆರೆದ. “ಕಂಪನಿಗೆ ಕೊಡೋ ಫಿಲಂನಿಂದ ತೆಗೆದುಹಾಕಿದ್ದು ಇವು. ಏಳು ಗಂಟೆಯವು. ಒಂದ್ಸಲ ನೋಡಿ.”

ಪರದೆಯ ತುಂಬ ಅವಳದೇ ಮುಖ. ಗಾಜು ಒರೆಸುತ್ತ, ಒಂದರ ಹಿಂದೆ ಒಂದು ಬೆಳಗು. ಮೊದಮೊದಲು ಕೆದರಿದ ಕೂದಲು, ಎಲ್ಲೋ ನೆಟ್ಟ ಕಣ್ಣು. ಆಮೇಲೆ ನೀಟಾಗಿ ಬಾಚಿದ ತಲೆ. ಆಮೇಲೆ ಮುಡಿಯಲ್ಲಿ ಕನಕಾಂಬರ. ಆರು ದಿನ ಇಲ್ಲ, ಏಳನೇ ದಿನ ಇದೆ. ಮತ್ತೆ ಆರು ದಿನ ಇಲ್ಲ.

“ಹೂ ಮುಡಿದಿರೋದೆಲ್ಲ ಯಾವ ವಾರ, ಹೇಳಿ?”

ಗಂಡ ಹೋದ ಮೇಲೆ ಅವಳು ಹೂ ಮುಡಿದಿರಲಿಲ್ಲ. ಈಚೆಗಷ್ಟೇ, ಗಿಡದಲ್ಲೇ ಬಾಡಿಹೋಗುತ್ತಲ್ಲ ಎಂದು ತನಗೆ ತಾನೇ ಸಬೂಬು ಹೇಳಿಕೊಂಡು ಮುಡಿದದ್ದು. ಎಲ್ಲವೂ ಗುರುವಾರ.

ಜೋಮು ಬಿಡುವಾಗ ಕಾಲು ಚುರುಗುಟ್ಟುವ ಹಾಗೆ ಅವಳ ಎದೆ ನೋಯತೊಡಗಿತು. ಕಣ್ಣು ತುಂಬಿ ಪರದೆ ಕಾಣಲಿಲ್ಲ.

“ಅಮ್ಮನ್ನ ಕರ್ಕೊಂಡು ಯಾವತ್ತು ಬರ್ಲಿ?” ಮೆಲ್ಲಗೆ ಕೇಳಿದ.

“ಅದನ್ನೂ ಕೇಳ್ತೀರಲ್ಲಾ,” ಅಂದಳು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. “ಗುರುವಾರವೇ ಬನ್ನಿ. ಕ್ಯಾಮೆರಾ ಮಾತ್ರ ತರಬ್ಯಾಡಿ.”